ಕೊಡಗಲ್ಲಿ ಮಕ್ಕಳ ಬಡತನ ಎಣಿಸಿದ ನನ್ನ ಅನುಭವ

ಕೊಡಗು ಅಂದ್ರೆ ಕಾಫಿ, ಕರಿಮೆಣಸು, ಹೋಂಸ್ಟೇ, ಇಲ್ಲೆಲ್ಲಿ ಬಡತನ ಅಂತ ಕೇಳೋರೇ ಜಾಸ್ತಿ. ಸಿದ್ದಾಪುರ, ಪಾಲಿಬೆಟ್ಟ ಕಡೆ ಲೈನ್ ಮನೆಗಳಲ್ಲಿ (ತೋಟದ ಕೂಲಿಯವರು ಇರೋ ಸಾಲು ಮನೆ), ಹಾಡಿಗಳಲ್ಲಿ (ಆದಿವಾಸಿಗಳ ಊರು) ಮಕ್ಕಳ ಜೊತೆ ಕೆಲಸ ಮಾಡೋ ನಮಗೆ ಪಂಚಾಯ್ತಿ ಮುಂದೆ ಇಡೋಕೆ ಗಟ್ಟಿ ಅಂಕಿ ಬೇಕಿತ್ತು. ನೀತಿ ಆಯೋಗದ ಬಹು ಆಯಾಮದ ಬಡತನ ಸೂಚ್ಯಂಕ ಇದೆ, ದುಡ್ಡಲ್ಲ, ಆರೋಗ್ಯ, ಓದು, ಜೀವನ ಮಟ್ಟದ ಕೊರತೆ ನೋಡೋ ಲೆಕ್ಕ, ಆದ್ರೆ ಅದು ಜಿಲ್ಲೆ ತನಕ ಬಂದು ನಿಂತುಬಿಡುತ್ತೆ. ಅದಕ್ಕೆ ಆಧಾರವಾದ 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಸ್ಯಾಂಪಲ್ ಇಟ್ಕೊಂಡು ಒಂದು ಹಾಡಿ ಕಥೆ ಹೇಳೋಕಾಗಲ್ಲ. ಸೂಚ್ಯಂಕದಲ್ಲಿ 12 ವಿಷಯ ನೋಡಿದ್ರೂ ಲೆಕ್ಕ ಮನೆಗೆ, ಮಗುಗಲ್ಲ. ಮನೇಲಿ 10 ವರ್ಷ ದಾಟಿದ ಯಾರಾದ್ರೂ ಒಬ್ರು 6 ವರ್ಷ ಓದಿದ್ರೆ ಓದಿನ ವಿಷಯದಲ್ಲಿ ಇಡೀ ಮನೆ ಪಾಸು. ಹಾಜರಿಗೂ ಸಮೀಕ್ಷೇಲಿ ಕೇಳೋದು ಈ ವರ್ಷ ಯಾವಾಗಾದ್ರೂ ಶಾಲೆಗೆ ಹೋಗಿದಾಳಾ ಅಂತ. ಜೂನಲ್ಲಿ ಹೋಗಿ ಕಾಫಿ ಕೊಯ್ಲಿಗೆ ಕಾಣೆಯಾಗೋ ಹುಡುಗಿ ಅಲ್ಲಿ 'ಹೌದು' ಆಗ್ತಾಳೆ.

ಅದಕ್ಕೆ ಮಗು ಮಗುನೇ ಎಣಿಸೋಣ ಅಂತ ಹೊರಟ್ವಿ. ಮೊದಲ ಕಷ್ಟ ಪಟ್ಟಿನೇ. ಎಷ್ಟೋ ಲೈನ್ ಮನೆಗೆ ಬೇರೆ ಡೋರ್ ನಂಬರ್ರೇ ಇರಲ್ಲ, ಹಂಗಾಗಿ ರೇಷನ್ ಕಾರ್ಡೂ ಇರಲ್ಲ, ಬಿಪಿಎಲ್ ಪಟ್ಟಿ ಹಿಡ್ಕೊಂಡು ಹೋದ್ರೆ ತೀರಾ ಬಡವರೇ ಬಿಟ್ಟು ಹೋಗ್ತಾರೆ. ಅಂಗನವಾಡಿ ಟೀಚರ್ರು, ಆಶಾ ಅಕ್ಕನ್ನ ಕೂರಿಸ್ಕೊಂಡು ತೋಟ ತೋಟಕ್ಕೂ ನಕ್ಷೆ ಬರೆದ್ವಿ, ಆಮೇಲೆ ತೋಟದ ಲೆಕ್ಕ ನೋಡೋ ರೈಟರ್ ಮೂಲಕ ಸಾವ್ಕಾರ್ರ ಒಪ್ಪಿಗೆ ತಗೊಂಡು ಗೇಟ್ ಒಳಗೆ ಹೋದ್ವಿ. ಹೋಗಿದ್ದು ಸಂಜೆ ಹೊತ್ತು, ಕೆಲಸದಿಂದ ಬಂದ್ಮೇಲೆ.

ಆದಾಯ ಎಷ್ಟು ಅಂತ ಕೇಳ್ಲೇ ಇಲ್ಲ. ಕೊಯ್ಲಲ್ಲಿ ಕೆಜಿ ಲೆಕ್ಕದ ಕೂಲಿ, ಮಳೆಗಾಲದಲ್ಲಿ ಕೆಲಸ ಇದ್ರೆ ಇದೆ ಇಲ್ಲಾಂದ್ರೆ ಇಲ್ಲ, ಮೇಲೆ ಅಡ್ವಾನ್ಸ್ ಬೇರೆ ಮುರ್ಕೋತಾರೆ, ಆ ಅಮ್ಮಂದಿರು ಏನಂತ ಹೇಳ್ಬೇಕು? ಅದರ ಬದಲು ಹೋದ ವಾರ ಶಾಲೆಗೆ ಎಷ್ಟು ದಿನ ಹೋದೆ, ನಿನ್ನೆ ರಾತ್ರಿ ಅನ್ನದ ಜೊತೆ ಏನಿತ್ತು, ಹಗಲು ಮಗುನ ಯಾರು ನೋಡ್ಕೋತಾರೆ, ಶೌಚಾಲಯ ಇದೆಯಾ, ಜನನ ಪ್ರಮಾಣ ಪತ್ರ ಇದೆಯಾ, ಶಾಲೆ ದಾರೀಲಿ ಆನೆ ಕಾಟ ಇದೆಯಾ ಅಂತ ಕೇಳಿದ್ವಿ. ಆನೆ ಪ್ರಶ್ನೆ ಯಾವ ಸೂಚ್ಯಂಕದಲ್ಲೂ ಇಲ್ಲ, ಆದ್ರೆ ಬೆಳಿಗ್ಗೆ ಆನೆ ತೋಟದಲ್ಲಿದೆ ಅಂತ ಗೊತ್ತಾದ್ರೆ ಯಾವ ತಾಯಿ ಮಗುನ ಒಂಟಿಯಾಗಿ ಕಳಿಸ್ತಾಳೆ ಹೇಳಿ. 6 ತಿಂಗಳಿಂದ 5 ವರ್ಷದ ಮಕ್ಕಳಿಗೆ ತೋಳಿನ ಟೇಪ್ ಹಾಕಿದ್ವಿ, ತೋಳಿನ ಸುತ್ತಳತೆ ನೋಡಿ ಅಪೌಷ್ಟಿಕತೆ ಹೇಳೋ ಬಣ್ಣದ ಪಟ್ಟಿ ಅದು. ಎಡಗೈ ಸಡಿಲ ಬಿಡಿಸಿ, ಭುಜಕ್ಕೂ ಮೊಣಕೈಗೂ ಸರಿಯಾಗಿ ಮಧ್ಯ, ಬಿಗಿ ಮಾಡಬಾರದು. 11.5 ಸೆಂ.ಮೀ.ಗಿಂತ ಕಮ್ಮಿ ಇದ್ರೆ ಕೆಂಪು, ತೀವ್ರ ಅಪೌಷ್ಟಿಕತೆ, ಪಟ್ಟಿ ಮುಗಿಯೋ ತನಕ ಕಾಯೋದಲ್ಲ, ಅವತ್ತೇ ಆಶಾ ಅಕ್ಕನಿಗೆ ಹೇಳ್ಬೇಕು. 12.5ರ ತನಕ ಹಳದಿ.

ಒಂದು ಲೈನಲ್ಲಿ ಯರವ ಅನ್ನೋ ಆದಿವಾಸಿ ಸಮುದಾಯದ ಹುಡುಗಿ, ನಾಲ್ಕನೇ ಕ್ಲಾಸು, ತಂಗಿನ ಸೊಂಟದ ಮೇಲೆ ಕೂರಿಸ್ಕೊಂಡೇ ನಮ್ಮ ಪ್ರಶ್ನೆಗೆಲ್ಲ ಉತ್ತರ ಕೊಟ್ಲು. ಶಾಲೆ ದಾಖಲಾತೀಲಿ ಅವಳ ಹೆಸರಿದೆ. ಹೋದ ವಾರ ಎಷ್ಟು ದಿನ ಹೋದೆ ಅಂದ್ರೆ ಇಲ್ಲ ಅಂತ ತಲೆ ಅಲ್ಲಾಡಿಸಿದ್ಲು. ತಂಗಿ ತೋಳಿನ ಟೇಪ್ ಹಳದೀಲಿ ನಿಂತಿತ್ತು. ಅಕ್ಕನ ಶಾಲೆ, ತಂಗಿ ಊಟ, ಎರಡಕ್ಕೂ ಕಾರಣ ಒಂದೇ, ಅಂಗನವಾಡಿ ದೂರ, ಅಮ್ಮ ಬೆಳಕಾಗ್ತಿದ್ದ ಹಾಗೇ ಕಾಫಿ ಕುಯ್ಯೋಕೆ ಹೋಗ್ಬೇಕು.

ಇದಕ್ಕೇ ಒಂದೊಂದು ವಿಷಯಕ್ಕೆ ಬೇರೆ ಬೇರೆ ಶೇಕಡಾ ತೆಗೆಯೋದು ಸಾಲಲ್ಲ ಅನ್ನೋದು. ಒಂದೇ ಮಗು ಮೇಲೆ ಎಷ್ಟು ಕೊರತೆ ಒಟ್ಟಿಗೆ ಬಿದ್ದಿದೆ ಅಂತ ನೋಡ್ಬೇಕು. ನಾವು ಮೂರು ಅಥವಾ ಜಾಸ್ತಿ ಕೊರತೆ ಇರೋ ಮಕ್ಕಳನ್ನ ತೋಟವಾರು ಎಣಿಸಿ ಮಕ್ಕಳ ಗ್ರಾಮಸಭೇಲಿ ಇಟ್ವಿ. ಮಗು ಹೆಸರು, ಮನೆ ಗುರುತು ಸಭೇಲಿ ಓದ್ಲಿಲ್ಲ, ಅದು ಅಂಗನವಾಡಿ ಟೀಚರ್ ಹತ್ರ ಮಾತ್ರ. ಜಿಲ್ಲೆ ಅಂಕಿ ಹೇಳಿದಾಗ ಸುಮ್ಮನಿರೋ ಮೆಂಬರ್ರು ತೋಟದ ಹೆಸರು ಬಂದ ಕೂಡ್ಲೇ ಹಂಗಾದ್ರೆ ಅಲ್ಲೇ ಒಂದು ಕೂಸಿನ ಮನೆ (ಹಗಲು ಪುಟ್ಟ ಮಕ್ಕಳನ್ನ ನೋಡ್ಕೊಳ್ಳೋ ಜಾಗ) ಮಾಡಕ್ಕಾಗುತ್ತಾ ಅಂತ ಅವರೇ ಮಾತು ಶುರು ಮಾಡಿದ್ರು.

ಎಣಿಕೆ ವರ್ಷಕ್ಕೆ ಎರಡು ಸಲ ಬೇಕೇ ಬೇಕು, ಶಾಲೆ ಶುರುವಾದ ಮೇಲೆ ಜೂನಲ್ಲೊಂದು, ಕೊಯ್ಲು ನಡೆಯೋವಾಗ ಜನವರೀಲೊಂದು. ಅಸ್ಸಾಂನಿಂದ ಬರೋ ಕುಟುಂಬಗಳು ಕೊಯ್ಲು ಮುಗಿದ್ರೆ ಬೇರೆ ಕಡೆ ಹೊರಟುಬಿಡ್ತಾರೆ, ಜೂನ್ ಪಟ್ಟೀಲಿ ಅವರ ಮಕ್ಕಳು ಸಿಗೋದೇ ಇಲ್ಲ.