ವೀಲಿಂಗ್ ಕಲಿಯುವವರು ಮೊದಲು ಪಳಗಿಸಬೇಕಾದದ್ದು ಬಲಗಾಲನ್ನು

ಬೈಕಿನ ಮುಂಚಕ್ರವನ್ನು ನೆಲದಿಂದ ಎತ್ತಿ ಹಿಂಚಕ್ರದ ಮೇಲೆಯೇ ಸಾಗುವ ವಿದ್ಯೆಗೆ ನಮ್ಮ ಕಡೆ ವೀಲಿಂಗ್ ಎಂಬ ಹೆಸರು ರೂಢಿಯಾಗಿದೆ. ಕಲಿಯಬಯಸುವ ಹುಡುಗರು ಮೊದಲು ಕೇಳುವುದು ಆಕ್ಸಿಲರೇಟರನ್ನು ಎಷ್ಟು ತಿರುಗಿಸಬೇಕೆಂದು. ಹಿಂಬ್ರೇಕನ್ನು ಯಾವಾಗ ಒತ್ತಬೇಕೆಂದು ಕೇಳಿದವರು ನನಗೆ ಸಿಕ್ಕಿದ್ದು ಕಡಿಮೆ. ಚಕ್ರವನ್ನು ಮೇಲೆತ್ತುವ ಕೆಲಸವನ್ನು ಎಂಜಿನ್ ಮಾಡಿಕೊಡುತ್ತದೆ, ಸವಾರ ಬೆನ್ನಡಿಯಾಗಿ ಬೀಳದಂತೆ ಕಾಯುವುದು ಬಲಗಾಲ ಕೆಳಗಿನ ಹಿಂಬ್ರೇಕ್ ಪೆಡಲ್.

ಹಿಂಚಕ್ರವು ಬೈಕನ್ನು ಮುಂದಕ್ಕೆ ದೂಡಿದಾಗ, ಬೈಕು ಮತ್ತು ಸವಾರನ ಒಟ್ಟು ಭಾರದ ಕೇಂದ್ರವು ನೆಲಕ್ಕಿಂತ ಎಷ್ಟೋ ಮೇಲಿರುವುದರಿಂದ ಹಿಂದೆಯೇ ಉಳಿಯಲು ನೋಡುತ್ತದೆ. ಮುಂಭಾಗ ಏಳುವುದು ಇದರಿಂದಲೇ. ಆ ಕೇಂದ್ರ ಎತ್ತರದಲ್ಲಿದ್ದಷ್ಟೂ, ಎರಡು ಚಕ್ರಗಳ ನಡುವಿನ ಅಂತರ ಕಡಿಮೆಯಿದ್ದಷ್ಟೂ ಕೆಲಸ ಸುಲಭ. ಮುಂಚಕ್ರ ಏರುತ್ತಾ ಹೋದಂತೆ ಕೇಂದ್ರವು ಹಿಂದಕ್ಕೆ ಸರಿದು, ಒಂದು ಹಂತದಲ್ಲಿ ಹಿಂದಿನ ಟಯರು ನೆಲ ಮುಟ್ಟುವ ಜಾಗದ ನೇರ ಮೇಲಕ್ಕೆ ಬರುತ್ತದೆ. ಆ ಸಮತೋಲನದ ಬಿಂದುವಿನಲ್ಲಿ ವೇಗ ಹೆಚ್ಚಿಸದೆಯೇ ಬೈಕು ಎದ್ದ ಭಂಗಿಯಲ್ಲಿ ಸಾಗುತ್ತದೆ. ಅದನ್ನು ದಾಟಿತೆಂದರೆ ಆಕ್ಸಿಲರೇಟರನ್ನು ಮುಚ್ಚಿದರೂ ಸಾಲದೆ ಹೋಗಬಹುದು, ಆಗ ಉಳಿಯುವುದು ಹಿಂಬ್ರೇಕ್ ಒಂದೇ.

ಮಂಗಳೂರು, ಉಡುಪಿಯ ಕಡೆ ಇದಕ್ಕೆ ತಕ್ಕ ಜಾಗ ಹುಡುಕುವುದೇ ಅರ್ಧ ಕೆಲಸ. ಉಡುಪಿಯಿಂದ ಮಣಿಪಾಲಕ್ಕೆ ಏರುವ 169ಎ ಹೆದ್ದಾರಿಯಾಗಲಿ, 66ರ ಸರ್ವಿಸ್ ರಸ್ತೆಯಾಗಲಿ ಇದಕ್ಕೆ ಸಲ್ಲವು. ರಸ್ತೆಯಲ್ಲಿ ಮಾಡಿ ಸಿಕ್ಕಿಬಿದ್ದರೆ 1988ರ ಮೋಟಾರು ವಾಹನ ಕಾಯ್ದೆಯ 184ನೆಯ ಕಲಮಿನಂತೆ ಮೊದಲ ತಪ್ಪಿಗೇ 1,000ದಿಂದ 5,000 ರೂಪಾಯಿಯ ದಂಡ, ಇಲ್ಲವೇ ಆರು ತಿಂಗಳಿಂದ ಒಂದು ವರ್ಷದವರೆಗಿನ ಸೆರೆವಾಸ, ಅಥವಾ ಎರಡೂ ಆಗಬಹುದು. ಸವಾರ ಹದಿನೆಂಟು ತುಂಬದವನಾದರೆ 199ಎ ಕಲಮು ಪೋಷಕರನ್ನೂ ವಾಹನದ ಮಾಲೀಕನನ್ನೂ ಹೊಣೆ ಮಾಡುತ್ತದೆ. ಮಲ್ಪೆ, ಪಣಂಬೂರಿನ ಒದ್ದೆ ಮರಳು ಗಟ್ಟಿಯಾಗಿ ಕಂಡರೂ ಅಲ್ಲಿ ಮಕ್ಕಳು ಓಡಾಡುತ್ತಿರುತ್ತಾರೆ, ಜೊತೆಗೆ ಉಪ್ಪುನೀರು ಚೈನನ್ನೂ ಬೇರಿಂಗುಗಳನ್ನೂ ತಿಂದುಹಾಕುತ್ತದೆ. ಮಳೆಗಾಲದ ಭತ್ತವಾದ ಏಣೆಲು ಬೆಳೆಯ ಕಟಾವಿನ ನಂತರ ಒಣಗಿದ ಬಾಕಿಮಾರು ಗದ್ದೆಯಲ್ಲಿ ಬಿದ್ದರೆ ಪೆಟ್ಟು ಕಡಿಮೆ ಎಂಬುದು ನಿಜ. ಆದರೆ ಕೂಳೆಯ ಸಾಲುಗಳ ಮೇಲೆ ಹಿಂಚಕ್ರ ಕುಣಿಯುವುದರಿಂದ ಸಮತೋಲನದ ಬಿಂದು ಎಲ್ಲಿದೆಯೆಂಬುದು ಮೈಗೆ ಗೊತ್ತಾಗುವುದಿಲ್ಲ. ಮುರಕಲ್ಲಿನ (ಜಂಬಿಟ್ಟಿಗೆಯ) ಮೈದಾನದಲ್ಲಿ ಮೇಲಿನ ಸಡಿಲ ಹರಳುಗಳು ಟಯರನ್ನು ಜಾರಿಸುತ್ತವೆ. ಮಾಲೀಕರ ಒಪ್ಪಿಗೆ ಪಡೆದ, ಗೇಟು ಮುಚ್ಚಬಹುದಾದ, ನೂರೈವತ್ತು ಮೀಟರಿನಷ್ಟು ಉದ್ದದ ಸಮತಟ್ಟಾದ ಕಾಂಕ್ರೀಟ್ ಅಂಗಳ ಸಿಕ್ಕಿದರೆ ಅದೇ ಉತ್ತಮ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿಯೂ ಪಾಚಿ ಕಟ್ಟುವುದರಿಂದ ಮಳೆಗಾಲದಲ್ಲಿ ಅಭ್ಯಾಸ ಬೇಡ.

ಐಎಸ್ಐ ಗುರುತಿನ, ಮುಖವಿಡೀ ಮುಚ್ಚುವ ಹೆಲ್ಮೆಟ್, ಬೆನ್ನಿನ ರಕ್ಷಕವಿರುವ ಜಾಕೆಟ್, ಮಂಡಿ ಮತ್ತು ಮೊಣಕೈಗಳ ಗಾರ್ಡು, ಕೈಗವಸು, ಗಿಣ್ಣು ಮುಚ್ಚುವ ಬೂಟು ಇವಿಷ್ಟು ಇರಲೇಬೇಕು. ನಮ್ಮ ಸೆಕೆಯಲ್ಲಿ ಇವನ್ನೆಲ್ಲ ತೊಟ್ಟು ಹತ್ತು ಗಂಟೆಯ ಬಿಸಿಲಿಗೆ ನಿಲ್ಲಲಾಗದು, ಆದ್ದರಿಂದ ಬೆಳಿಗ್ಗೆ ಆರೂವರೆಗೆ ತೊಡಗಿ ಎಂಟಕ್ಕೆ ಮುಗಿಸುವುದು ಲೇಸು. ಜೊತೆಗೊಬ್ಬರು ಇರಲಿ, ಆದರೆ ಅವರು ಬೈಕಿನ ಸಾಲಿನಲ್ಲಿ ನಿಲ್ಲದೆ ಪಕ್ಕದಲ್ಲಿ ದೂರ ನಿಲ್ಲಬೇಕು.

ಶುರು ಮಾಡುವ ಮೊದಲು ಬ್ರೇಕ್ ಪೆಡಲಿನ ಎತ್ತರವನ್ನು, ಬೂಟಿನ ತುದಿ ಸದಾ ಅದರ ಮೇಲೆ ಹಗುರವಾಗಿ ಕೂರುವಂತೆ ಹೊಂದಿಸಿಕೊಳ್ಳಿ. ಮೊದಲನೆಯ ಗೇರಿನಲ್ಲಿ ಗಂಟೆಗೆ ಹದಿನೈದು ಕಿಲೋಮೀಟರಿನಷ್ಟು ವೇಗದಲ್ಲಿ ನೇರವಾಗಿ ಸಾಗುತ್ತಾ, ಸೀಟಿನಲ್ಲಿ ತುಸು ಹಿಂದೆ ಕುಳಿತು, ಎರಡು ಬೆರಳುಗಳಿಂದ ಕ್ಲಚ್ಚನ್ನು ಅರ್ಧ ಹಿಡಿದು ಎಂಜಿನ್ನಿನ ವೇಗ ಏರಿಸಿ, ಕೂಡಲೇ ಕ್ಲಚ್ಚನ್ನು ಬಿಡಬೇಕು. ಹ್ಯಾಂಡಲನ್ನು ಎಳೆಯಬೇಡಿ, ಎಳೆದರೆ ಒಂದು ಕೈ ಹೆಚ್ಚು ಎಳೆದು ಬೈಕು ಓರೆಯಾಗುತ್ತದೆ. ಚಕ್ರ ಒಂದು ಗೇಣು ಎದ್ದೊಡನೆ ಹಿಂಬ್ರೇಕನ್ನು ಮೆಲ್ಲಗೆ ಒತ್ತಿ ಇಳಿಸಿ. ಚಕ್ರ ಏಳುವುದು ಮತ್ತು ಬಲಗಾಲು ಒತ್ತುವುದು ಯೋಚಿಸದೆಯೇ ಒಂದಾದ ಮೇಲೆ ತಲೆ ಹೇಳುವ ಮೊದಲೇ ಕಾಲು ಒತ್ತಿರುತ್ತದೆ, ಅಲ್ಲಿಯವರೆಗೆ ಎತ್ತರ ಹೆಚ್ಚಿಸಬಾರದು. ಇದಕ್ಕೆ ನನಗೆ ಎರಡು ವಾರ ಹಿಡಿಯಿತು. ಮೂರನೆಯ ದಿನವೇ ಕಲಿತೆನೆಂದು ಭಾವಿಸಿ ಕಾಲನ್ನು ಪೆಡಲಿನಿಂದ ತೆಗೆದದ್ದರ ಫಲವಾಗಿ ಗೆಳೆಯನ ಯಮಹಾ ಆರ್‌ಎಕ್ಸ್ 100ರ ಹಿಂಬದಿಯ ಮಡ್‌ಗಾರ್ಡು ಮುರಿದು, ನನ್ನ ಸೊಂಟ ತಿಂಗಳಿಡೀ ನೊಂದಿತು. ಇಳಿಸುವಾಗ ಹ್ಯಾಂಡಲ್ ನೇರವಾಗಿರಲಿ, ಚಕ್ರ ನೆಲ ಮುಟ್ಟುವ ಹೊತ್ತಿಗೆ ಬ್ರೇಕನ್ನು ಬಿಟ್ಟು ಆಕ್ಸಿಲರೇಟರನ್ನು ತುಸು ತೆರೆದಿಡಿ, ಆಗ ಬೈಕು ದಪ್ಪೆಂದು ಬೀಳುವುದಿಲ್ಲ.

ಎಲ್ಲ ಬೈಕುಗಳೂ ಒಂದೇ ಪಾಠ ಹೇಳುವುದಿಲ್ಲ. ಆರ್‌ಎಕ್ಸ್ 100 ಹಗುರ, ಅದರ 98 ಸಿಸಿಯ ಎರಡು ಸ್ಟ್ರೋಕಿನ ಎಂಜಿನ್ ಥಟ್ಟನೆ ಸಿಡಿಯುತ್ತದೆ. ಆದರೆ ಎರಡು ಸ್ಟ್ರೋಕಿನಲ್ಲಿ ಎಂಜಿನ್ ತಾನೇ ಬೈಕನ್ನು ತಡೆಯುವ ಹಿಡಿತ ತೀರಾ ಕಡಿಮೆಯಾದ್ದರಿಂದ ಆಕ್ಸಿಲರೇಟರ್ ಮುಚ್ಚಿದರೂ ಮುಂಚಕ್ರ ಬೇಗನೆ ಇಳಿಯದು, ಪೂರ್ತಿ ಡ್ರಮ್ ಬ್ರೇಕನ್ನೇ ನಂಬಬೇಕು. ಎಕ್ಸ್‌ಪಲ್ಸ್ 200ರಂತಹ ಎತ್ತರದ ಬೈಕು ಕಲಿಕೆಗೆ ನನ್ನ ಮೊದಲ ಆಯ್ಕೆ. ಮುಂಚಕ್ರವನ್ನು ಹಿಡಿದಿರುವ ಉದ್ದನೆಯ ಫೋರ್ಕು ಇಳಿಯುವಾಗಿನ ಪೆಟ್ಟನ್ನು ನುಂಗುತ್ತದೆ, ಶಕ್ತಿ ಹದವಾಗಿ ಬರುತ್ತದೆ. ಡ್ಯೂಕ್ 390 ಮೊದಲ ಗೇರಿನಲ್ಲಿ ಕ್ಲಚ್ಚಿಲ್ಲದೆಯೇ ಏಳುತ್ತದೆ, ಕಲಿಯುವವನಿಗೆ ಅದೇ ಅಪಾಯ. ಡ್ಯೂಕ್ 200ರಲ್ಲಿ ಯೋಚಿಸಲು ತುಸು ಸಮಯ ಸಿಗುತ್ತದೆ. ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಎರಡೂ ಚಕ್ರಗಳಿಗೆ ಇರುವ ಬೈಕಿನಲ್ಲಿ, ಸಡಿಲ ನೆಲದ ಮೇಲೆ ಹಿಂಚಕ್ರ ಜಾರಿದರೆ ಎಬಿಎಸ್ ಬ್ರೇಕನ್ನು ಸಡಿಲಿಸಬಹುದು. 390ರ ಸೂಪರ್‌ಮೋಟೊ ಆಯ್ಕೆಯಲ್ಲಿ ಹಿಂಬದಿಯ ಎಬಿಎಸ್ ಮಾತ್ರ ನಿಲ್ಲುವುದರಿಂದ ಅಭ್ಯಾಸಕ್ಕೆ ಅದು ತಕ್ಕುದು. ಕ್ಲಾಸಿಕ್ 350ರ ತೂಕ 195 ಕಿಲೋದ ಆಸುಪಾಸು, ಶಕ್ತಿ 20 ಬಿಎಚ್‌ಪಿ. ಏಳಿಸಲು ಕ್ಲಚ್ಚನ್ನು ಹಿಂಸಿಸಬೇಕಾಗುತ್ತದೆ, ಕಲಿಯಲು ಬೇಡ.

ಸ್ಪ್ಲೆಂಡರಿನಂತಹ ನೂರು ಸಿಸಿ ಬೈಕುಗಳ ಹಾಗೂ ಸ್ಕೂಟರುಗಳ ವಿಷಯದಲ್ಲಿ ಹೆಚ್ಚಿನವರಿಗೆ ತಿಳಿಯದ ತೊಡಕೊಂದಿದೆ. 2019ರಿಂದೀಚೆಗೆ 125 ಸಿಸಿವರೆಗಿನ ಹೊಸ ವಾಹನಗಳಲ್ಲಿ, ಎಬಿಎಸ್ ಇಲ್ಲವಾದರೆ, ಎರಡೂ ಬ್ರೇಕುಗಳನ್ನು ಜೋಡಿಸಿದ ಸಿಬಿಎಸ್ ಕಡ್ಡಾಯವಾಗಿ ಬಂತು. ಹಿಂಬ್ರೇಕ್ ಹಿಡಿದರೆ ಮುಂಬ್ರೇಕೂ ಹಿಡಿಯುವುದರಿಂದ, ಗಾಳಿಯಲ್ಲಿರುವ ಮುಂಚಕ್ರ ತಿರುಗುವುದನ್ನೇ ನಿಲ್ಲಿಸಿ, ನೆಲ ಮುಟ್ಟಿದಾಗ ಜಾರುತ್ತದೆ. ಸ್ಕೂಟರಿನಲ್ಲಂತೂ ಕ್ಲಚ್ ಲಿವರೂ ಇಲ್ಲ, ಕಾಲಿನ ಬ್ರೇಕೂ ಇಲ್ಲ. ಅದನ್ನು ಅಂಗಡಿಗೆ ಹೋಗಿಬರಲು ಬಿಡುವುದು ಒಳ್ಳೆಯದು.

ಅಭ್ಯಾಸದ ವಾರಗಳಲ್ಲಿ ಬೈಕು ತೆರುವ ಬೆಲೆಯೂ ಇದೆ. ಹೆಚ್ಚು ಹೊತ್ತು ಮುಂಭಾಗ ಎತ್ತರದಲ್ಲಿದ್ದರೆ ಎಂಜಿನ್ ಆಯಿಲ್ ಹಿಂದಕ್ಕೆ ಸರಿದು ಪಂಪಿಗೆ ಸಿಗದೆ ಹೋಗಬಹುದು, ಆದ್ದರಿಂದ ಆಯಿಲಿನ ಮಟ್ಟವನ್ನು ಮೇಲಿನ ಗೆರೆಯ ಹತ್ತಿರವೇ ಇಟ್ಟುಕೊಳ್ಳಬೇಕು. ವಾರಕ್ಕೊಮ್ಮೆ ಮುಂಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸಿ ಫೋರ್ಕನ್ನು ಹಿಂದೆ ಮುಂದೆ ಅಲ್ಲಾಡಿಸಿ ನೋಡಿ. ಕಟಕಟ ಎಂದರೆ ಹ್ಯಾಂಡಲ್ ತಿರುಗುವ ಬೇರಿಂಗು, ಅಂದರೆ ಕೋನ್‌ಸೆಟ್ ಸವೆದಿದೆ. ಫೋರ್ಕಿನ ಮೇಲೆ ಎಣ್ಣೆಯ ಉಂಗುರ ಕಂಡರೆ ಆಯಿಲ್ ಸೀಲು ಹೋಗಿದೆ. ಚೈನಿನ ಮೇಲೆ ಕೂತ ಕೆಂಪು ಧೂಳನ್ನು ಅಂದೇ ಸೀಮೆಎಣ್ಣೆಯಲ್ಲಿ ಒರೆಸಿ ಎಣ್ಣೆ ಹಚ್ಚಿ, ಸಡಿಲವನ್ನು ಸರಿಪಡಿಸಿ ನಿಲ್ಲಿಸಿದರೆ ಮರುದಿನ ಕ್ಲಚ್ ಬಿಟ್ಟಾಗ ಬೈಕು ಜಗ್ಗದೆ ಏಳುತ್ತದೆ.