ಇಂಗ್ಲಿಷ್‌ನಲ್ಲಿ ಹೋಲಿಸಿ ಹೇಳುವುದು: ನಮ್ಮ ‘ಗಿಂತ’ದಿಂದಲೇ ಶುರು ಮಾಡಿ

ಅಣ್ಣ ನನಗಿಂತ ಎತ್ತರ. ಈ ಪುಟ್ಟ ವಾಕ್ಯವನ್ನು ಒಮ್ಮೆ ಬಿಡಿಸಿ ನೋಡಿ. ಹೋಲಿಸುವ ಕೆಲಸವನ್ನೆಲ್ಲ ‘ಗಿಂತ’ ಒಂದೇ ಮಾಡುತ್ತಿದೆ. ‘ಎತ್ತರ’ ಸ್ವಲ್ಪವೂ ಬದಲಾಗಿಲ್ಲ, ಸುಮ್ನೆ ‘ಅಣ್ಣ ಎತ್ತರ’ ಅಂದಾಗ ಹೇಗಿತ್ತೋ ಹಾಗೇ ಇದೆ. ಇಂಗ್ಲಿಷ್‌ನಲ್ಲಿ ನಾವು ಎಡವುವುದು ಇಲ್ಲೇ. ‘ಗಿಂತ’ ಅಂದರೆ ‘ದ್ಯಾನ್’ ಅಂತ ಕಲಿತಿರುತ್ತೇವೆ, ಅದನ್ನು ಹಾಕಿದರೆ ಮುಗಿಯಿತು ಅಂದುಕೊಂಡು ‘ಮೈ ಬ್ರದರ್ ಈಸ್ ಟಾಲ್ ದ್ಯಾನ್ ಮಿ’ ಅಂದುಬಿಡುತ್ತೇವೆ. ಅಷ್ಟು ಸಾಲದು. ಗುಣ ಹೇಳುವ ಪದವೂ ಬದಲಾಗಬೇಕು, ಟಾಲ್ ಹೋಗಿ ಟಾಲರ್ ಆಗಬೇಕು.

ಹಾಗಾಗಿ ಮೊದಲು ಕನ್ನಡ ವಾಕ್ಯಕ್ಕೇ ಒಂದು ‘ಹೆಚ್ಚು’ ಸೇರಿಸಿಕೊಳ್ಳಿ: ಅಣ್ಣ ನನಗಿಂತ ಹೆಚ್ಚು ಎತ್ತರ. ಈಗ ಆ ‘ಹೆಚ್ಚು’ ಇಂಗ್ಲಿಷ್‌ನಲ್ಲಿ ಎಲ್ಲಿ ಕೂರುತ್ತದೆ ಅಂತ ನೋಡಿದರೆ ಸಾಕು. ಅದಕ್ಕೆ ಚಪ್ಪಾಳೆ ತಟ್ಟುತ್ತಾ ಪದ ಹೇಳಿ. ಟಾಲ್ ಅಂದರೆ ಒಂದೇ ಚಪ್ಪಾಳೆ, ಆಗ ‘ಹೆಚ್ಚು’ ಪದದ ಬಾಲಕ್ಕೆ ‘ಅರ್’ ಆಗಿ ಅಂಟುತ್ತದೆ. ಬ್ಯೂ-ಟಿ-ಫುಲ್ ಅಂದರೆ ಮೂರು, ಆಗ ಪದಕ್ಕೆ ಮುಂಚೆ ‘ಮೋರ್’ ಬರುತ್ತದೆ. ಎರಡು ಚಪ್ಪಾಳೆಯ ಪದಗಳಲ್ಲಿ ಹ್ಯಾಪಿ, ಈಸಿ ತರಹ ‘ಇ’ ಸದ್ದಿನಲ್ಲಿ ಮುಗಿಯುವವು ಹ್ಯಾಪಿಯರ್, ಈಸಿಯರ್ ಆಗುತ್ತವೆ, ಉಳಿದವಕ್ಕೆ ಸಾಮಾನ್ಯವಾಗಿ ‘ಮೋರ್’ ಹಾಕಿದರೆ ಆಯಿತು. ಗುಡ್, ಬ್ಯಾಡ್ ಮಾತ್ರ ಬೆಟರ್, ವರ್ಸ್ ಅಂತ ಪೂರ್ತಿ ವೇಷವನ್ನೇ ಬದಲಿಸುತ್ತವೆ, ಅವನ್ನು ಬಾಯಿಪಾಠ ಮಾಡಿಬಿಡಿ.

ಇರುವುದು ಒಂದೇ ‘ಹೆಚ್ಚು’ ಅಲ್ವಾ? ಅದು ಎರಡು ಕಡೆ ಕೂರುವುದಿಲ್ಲ. ‘ಮೋರ್ ಟಾಲರ್’, ‘ಮೋರ್ ಬೆಟರ್’ ತಪ್ಪಾಗುವುದು ಅದಕ್ಕೇ. ‘ತುಂಬಾ’ ವಿಷಯದಲ್ಲೂ ಹುಷಾರು. ‘ಈ ಕೋಣೆ ಅದಕ್ಕಿಂತ ತುಂಬಾ ದೊಡ್ಡದು’ ಅನ್ನಲು ‘ವೆರಿ ಬಿಗ್ಗರ್’ ಬಾರದು, ‘ಮಚ್ ಬಿಗ್ಗರ್’ ಬೇಕು. ಸೀನಿಯರ್, ಜೂನಿಯರ್ ಜೊತೆಗೆ ‘ದ್ಯಾನ್’ ಅಲ್ಲ, ‘ಟು’.

‘ಎಲ್ಲರಿಗಿಂತ ಎತ್ತರ’ ಅನ್ನುವಾಗಲೂ ಕನ್ನಡದಲ್ಲಿ ‘ಎತ್ತರ’ ಹಾಗೇ ಇರುತ್ತದೆ. ಇಂಗ್ಲಿಷ್‌ನಲ್ಲಿ ಅದಕ್ಕೆ ಬೇರೆಯೇ ರೂಪ: ದ ಟಾಲೆಸ್ಟ್, ಉದ್ದನೆಯ ಪದವಾದರೆ ದ ಮೋಸ್ಟ್ ಬ್ಯೂಟಿಫುಲ್. ಆ ‘ದ’ ನಮ್ಮ ಭಾಷೆಯಲ್ಲಿ ಇಲ್ಲದ್ದರಿಂದ ಸುಲಭವಾಗಿ ಬಿಟ್ಟುಹೋಗುತ್ತದೆ. ‘ಕ್ಲಾಸಿನಲ್ಲೇ ಎತ್ತರ’ ಅಂತ ಯೋಚಿಸಿದರೆ ‘ದ ಟಾಲೆಸ್ಟ್ ಇನ್ ದ ಕ್ಲಾಸ್’ ಸಲೀಸಾಗಿ ಬರುತ್ತದೆ, ‘ನಲ್ಲಿ’ ಇದ್ದ ಕಡೆ ‘ಇನ್’ ಬಂತು ನೋಡಿ.

ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ‘ಅಷ್ಟು’. ‘ಇದು ಅದರಷ್ಟು ಕಷ್ಟವಿಲ್ಲ’ ಅನ್ನುವುದಕ್ಕೆ ‘ದಿಸ್ ಈಸ್ ನಾಟ್ ಆ್ಯಸ್ ಡಿಫಿಕಲ್ಟ್ ಆ್ಯಸ್ ದಟ್’. ಇಲ್ಲಿ ಪದ ಬದಲಾಗುವುದೇ ಇಲ್ಲ, ಹಾಗಾಗಿ ಮಾತಿನ ನಡುವೆ ‘ಅರ್’ ಬೇಕೋ ‘ಮೋರ್’ ಬೇಕೋ ಅಂತ ತಡವರಿಸಿದಾಗ ಈ ದಾರಿ ಹಿಡಿಯಿರಿ, ತಪ್ಪುವ ಭಯವೇ ಇರುವುದಿಲ್ಲ.

ಅಭ್ಯಾಸಕ್ಕೆ ಮೇಜಿನ ಮೇಲೆ ಎರಡು ಪೆನ್ನು ಇಡಿ. ಒಂದೇ ವಿಷಯವನ್ನು ಮೂರು ಥರ ಬಾಯಿಬಿಟ್ಟು ಹೇಳಿ: ದಿಸ್ ಪೆನ್ ಈಸ್ ಲಾಂಗರ್ ದ್ಯಾನ್ ದಟ್ ಒನ್. ದಟ್ ಪೆನ್ ಈಸ್ ಶಾರ್ಟರ್ ದ್ಯಾನ್ ದಿಸ್ ಒನ್. ದಟ್ ಪೆನ್ ಈಸ್ ನಾಟ್ ಆ್ಯಸ್ ಲಾಂಗ್ ಆ್ಯಸ್ ದಿಸ್ ಒನ್. ಆಮೇಲೆ ಮೂರನೇ ಪೆನ್ನು ತಂದಿಟ್ಟು ‘ದ ಲಾಂಗೆಸ್ಟ್’ ಯಾವುದು ಅಂತ ಹೇಳಿ.