ಓದಿ ಮುಗಿಸುವುದನ್ನು ಬಿಟ್ಟ ಮೇಲೆ ಪುಸ್ತಕ ಕೆಲಸ ಮಾಡಿತು

ಪೆನ್ಸಿಲ್ ಹಿಡಿದು ಓದುವುದು, ಗೆರೆ ಎಳೆಯುವುದು, ಟಿಪ್ಪಣಿ ಬರೆಯುವುದು, ಇದೆಲ್ಲ ನಿಮಗೆ ಗೊತ್ತಿರುವುದೇ. ಇಷ್ಟೆಲ್ಲ ಮಾಡಿದ ಮೇಲೂ ಬದುಕು ಇದ್ದಲ್ಲೇ ಇರುತ್ತದಲ್ಲ, ನಾನು ಹೇಳಬೇಕಿರುವುದು ಅಲ್ಲಿಂದ ಮುಂದಿನದು.

ವರ್ಷಗಟ್ಟಲೆ ಸಂಬಳದ ಹತ್ತರಲ್ಲೊಂದು ಪಾಲು ಪುಸ್ತಕಕ್ಕೇ ಹೋಗುತ್ತಿತ್ತು. ದುಡ್ಡು ಉಳಿಸುವುದು ಹೇಗೆ, ಬೇಗ ಏಳುವುದು ಹೇಗೆ, ದೊಡ್ಡವರ ಜೀವನ ಚರಿತ್ರೆ, ಎಲ್ಲವೂ ಇದ್ದವು. ಟಿಪ್ಪಣಿ ಪುಸ್ತಕಗಳು ತುಂಬಿದವು. ಸಾಲ ಹಾಗೇ ಇತ್ತು, ಏಳುವ ಹೊತ್ತೂ ಹಾಗೇ ಇತ್ತು.

ಆಮೇಲೆ ಒಂದು ನಿಯಮ ಹಾಕಿಕೊಂಡೆ. ಪುಟದಲ್ಲಿ ಮಾಡುವಂಥದ್ದು ಏನಾದರೂ ಇದ್ದರೆ, ಅದನ್ನು ಮಾಡುವ ತನಕ ಆ ಪುಟ ತಿರುವುವಂತಿಲ್ಲ. ಗೆಳೆಯರು ನಕ್ಕರು. "ಹೀಗೆ ಓದಿದ್ರೆ ವರ್ಷಕ್ಕೆ ಎರಡು ಪುಸ್ತಕ ಮುಗಿದ್ರೆ ಜಾಸ್ತಿ" ಅಂದರು. ಸರಿಯಾಗೇ ಹೇಳಿದ್ದರು, ಎರಡೇ ಮುಗಿಯುತ್ತವೆ.

ಮೊದಲು ಹಿಡಿದದ್ದು ದುಡ್ಡಿನ ಪುಸ್ತಕ. ಶುರುವಿನಲ್ಲೇ 'ಪ್ರತಿ ಖರ್ಚನ್ನೂ ಬರೆದಿಡಿ' ಅಂತಿತ್ತು. ಮುಂಚೆಯಾಗಿದ್ದರೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದೆ. ಈಗ ಅದೇ ಪುಟದಲ್ಲಿ ಎರಡು ತಿಂಗಳ ಮೇಲೇ ಕೂತೆ, ನಡುವೆ ಎರಡು ಮೂರು ಸಲ ಬಿಟ್ಟೂ ಹೋಯಿತು. ಕೊನೆಗೆ ಲೆಕ್ಕ ಕೂಡಿಸಿದಾಗ ದೊಡ್ಡ ಸೋರಿಕೆ ಯಾವುದು ಅಂತೀರಿ? ಪುಸ್ತಕ ಖರೀದಿ! ಅದನ್ನು ಮೂರನೇ ಒಂದು ಪಾಲಿಗೆ ಇಳಿಸಿದೆ. ಸಾಲದ ಕಂತು ಅಲ್ಲಿಂದಲೇ ಹೊರಟಿತು.

ನಿಜವಾಗಿ ಬದುಕು ತಿರುಗಿಸಿದ್ದು ಮರಗೆಲಸದ ಒಂದು ತೆಳ್ಳನೆ ಪುಸ್ತಕ. ಪುಸ್ತಕ ಓದಿ ಯಾರಾದರೂ ಬಡಗಿ ಆಗ್ತಾರಾ ಅಂತ ಕೇಳದವರೇ ಇರಲಿಲ್ಲ. ಉಳಿ ಮಸೆಯುವ ಅಧ್ಯಾಯದಲ್ಲೇ ವಾರಗಟ್ಟಲೆ ಉಳಿದೆ. 25 ಡಿಗ್ರಿ ಕೋನ ಅಂತ ಓದುವುದು ಸುಲಭ. ಸಾಣೆಕಲ್ಲಿನ ಮೇಲೆ ಕೈ ಒಂದಿಷ್ಟು ಎದ್ದರೂ ಅಂಚು ಗುಂಡಗಾಗುತ್ತದೆ. ಒಂದು ಕಡೆ ತೇಯ್ದ ಮೇಲೆ ಉಳಿಯ ಬೆನ್ನಿನಲ್ಲಿ ಲೋಹದ ಸಣ್ಣ ತರಿ ಏಳಬೇಕು. ಅದು ಅಂಚಿನ ಈ ತುದಿಯಿಂದ ಆ ತುದಿಯವರೆಗೂ ಹೆಬ್ಬೆರಳಿಗೆ ಸಿಗಬೇಕು. ನನಗೆ ಸಿಗುತ್ತಿದ್ದುದು ಒಂದು ಮೂಲೆಯಲ್ಲಿ ಮಾತ್ರ. ಆ ಪುಟ ಎಣ್ಣೆ ಹತ್ತಿ ಕಂದಾಗಿದೆ, ಅಕ್ಷರ ಅರ್ಧ ಕಾಣುವುದಿಲ್ಲ. ಈಗ ಕಾಣಬೇಕಾಗಿಯೂ ಇಲ್ಲ ಬಿಡಿ.

ನಿಯಮ ಕೈ ಕೊಟ್ಟದ್ದೂ ಇದೇ ಪುಸ್ತಕದಲ್ಲಿ. ಮೇಜಿನ ಹಲಗೆಯನ್ನು ಸುತ್ತಲೂ ಬಿಗಿಯಾಗಿ ಸ್ಕ್ರೂ ಹಾಕಿ ಕೂರಿಸಿದ್ದೆ. ಒಣ ಹವೆ ಬಂದದ್ದೇ ತಡ, ನಡುವೆ ಸೀಳಿತು. ಮರ ನಾರಿಗೆ ಅಡ್ಡವಾಗಿ ಹಿಗ್ಗಿ ಕುಗ್ಗುತ್ತದೆ, ಅದಕ್ಕೆ ಜಾಗ ಬಿಡಬೇಕು ಅಂತ ಪುಸ್ತಕದಲ್ಲೇ ಇತ್ತು, ಆದರೆ ನಾಲ್ಕು ಅಧ್ಯಾಯ ಮುಂದೆ. ನಾನಿನ್ನೂ ಅಲ್ಲಿಗೆ ಮುಟ್ಟಿರಲಿಲ್ಲ! ಹಾಳಾದ ಮರದ ಲೆಕ್ಕವೆಲ್ಲ ಸೇರಿದರೆ ಹತ್ತಿರ ಹತ್ತಿರ ಒಂದು ತಿಂಗಳ ಸಂಬಳ. ಅಂದಿನಿಂದ ಇಡೀ ಪುಸ್ತಕವನ್ನು ಮೊದಲು ಒಂದೇ ಓಟದಲ್ಲಿ ನೋಡಿ, ಮಾಡುವಂಥದ್ದು ಇರುವ ಕಡೆ ಪೆನ್ಸಿಲ್ ಚುಕ್ಕೆ ಇಡುತ್ತೇನೆ. ಆಮೇಲೆ ನಿಧಾನದ ಓದು. ಯಾವ ಚುಕ್ಕೆಯಿಂದ ಶುರು ಮಾಡುವುದು ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಈ ದಾರಿ ಹೊಸದೇನಲ್ಲ. ಮುಂದೆ ದೊಡ್ಡ ವಿಜ್ಞಾನಿಯಾದ ಮೈಕೆಲ್ ಫ್ಯಾರಡೆ 1805ರಲ್ಲಿ, 14ನೇ ವಯಸ್ಸಿಗೆ, ಲಂಡನ್ನಿನಲ್ಲಿ ಪುಸ್ತಕ ಕಟ್ಟುವ ಕೆಲಸಕ್ಕೆ ಸೇರಿದ. ಕಟ್ಟಲು ಬಂದ ಪುಸ್ತಕಗಳನ್ನೇ ಓದುತ್ತಿದ್ದ. ಜೇನ್ ಮಾರ್ಸೆಟ್ ಬರೆದ ರಸಾಯನಶಾಸ್ತ್ರ ಓದುವಾಗ, ಪುಡಿಗಾಸಿನಲ್ಲಿ ಆಗುವಂಥ ಪ್ರಯೋಗ ಮಾಡಿ ನೋಡಿ, ಬರೆದದ್ದು ನಿಜವೋ ಅಲ್ಲವೋ ಅಂತ ಪರೀಕ್ಷಿಸುತ್ತಿದ್ದ.

ಆದರೆ ವಿಚಾರದ ಪುಸ್ತಕಗಳಲ್ಲಿ ಉಳಿಯೂ ಇಲ್ಲ, ಸಾಣೆಕಲ್ಲೂ ಇಲ್ಲ. ಅಲ್ಲಿ ನನ್ನ ಚುಕ್ಕೆಗಳು ಬಹಳ ದಿನ ಸುಮ್ನೆ ಬಿದ್ದಿದ್ದವು. ಗಾಂಧೀಜಿ 1904ರಲ್ಲಿ ಜೋಹಾನ್ಸ್‌ಬರ್ಗ್‌ನಿಂದ ಡರ್ಬನ್‌ಗೆ ಹೋಗುವ ರೈಲಿನಲ್ಲಿ ಇಂಗ್ಲಿಷ್ ಲೇಖಕ ಜಾನ್ ರಸ್ಕಿನ್‌ನ 'ಅನ್‌ಟು ದಿಸ್ ಲಾಸ್ಟ್' ಪುಸ್ತಕ ಓದಿ, ರಾತ್ರಿ ನಿದ್ದೆ ಬಾರದೆ, ಬದುಕು ಬದಲಿಸಿಕೊಳ್ಳಲು ತೀರ್ಮಾನಿಸಿದ್ದು ಎಲ್ಲರಿಗೂ ಗೊತ್ತು. ನನ್ನ ಕಣ್ಣು ಹೋದದ್ದು ಆಮೇಲಿನದಕ್ಕೆ. ಅದೇ ವರ್ಷ ಡರ್ಬನ್ ಹತ್ತಿರದ ಫೀನಿಕ್ಸ್‌ನಲ್ಲಿ ಜಮೀನು ಕೊಂಡು, ತಮ್ಮ ಪತ್ರಿಕೆಯ ಅಚ್ಚುಕೂಟವನ್ನೇ ಅಲ್ಲಿಗೆ ಸಾಗಿಸಿದರು. ಅಚ್ಚುಕೂಟ ಸಾಗಿಸಿದ ಮೇಲೆ ಮನಸ್ಸು ಬದಲಿಸುವುದು ಕಷ್ಟ, ಅಲ್ವಾ? ಈಗ ವಿಚಾರದ ಪುಸ್ತಕ ಹಿಡಿದರೆ, ಹಿಂದೆ ಸರಿಯಲು ಆಗದಂಥ ಒಂದು ಸಣ್ಣ ಕೆಲಸ ಅದೇ ವಾರ ಮಾಡಿಬಿಡುತ್ತೇನೆ. ಒಮ್ಮೆ ಟಿವಿ ಮಾರಿದೆ. ಮನೆಯವರು ಇನ್ನೂ ಪೂರ್ತಿ ಕ್ಷಮಿಸಿಲ್ಲ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ನಡೆಯುತ್ತಾ ಆಡಿಯೋ ಪುಸ್ತಕ ಕೇಳಿದೆ. ಕಾಲಿಗೆ ಒಳ್ಳೆಯದಾಯಿತು, ತಲೆಯಲ್ಲಿ ಏನೂ ನಿಲ್ಲಲಿಲ್ಲ. ಬೆಂಜಮಿನ್ ಫ್ರಾಂಕ್ಲಿನ್ ಮಾಡಿದಂತೆ, ಬರಹದ ಹುರುಳನ್ನು ಚುಟುಕಾಗಿ ಗುರುತು ಹಾಕಿಟ್ಟು, ಕೆಲವು ದಿನ ಬಿಟ್ಟು ನನ್ನ ಮಾತಿನಲ್ಲಿ ಬರೆದು, ಮೂಲದ ಜೊತೆ ಹೋಲಿಸಿ ನೋಡಿದೆ. ಬರವಣಿಗೆ ಸುಧಾರಿಸಿತು, ಬದುಕಿಗೇನೂ ಆಗಲಿಲ್ಲ. ಇಡೀ ಅಧ್ಯಾಯ ನಕಲು ಬರೆದದ್ದಂತೂ ಬರೀ ಕೈನೋವು.

ಈಗ ಕಪಾಟು, ಸ್ಟೂಲುಗಳ ಆರ್ಡರ್‌ನಿಂದ ಸಂಬಳದ ನಾಲ್ಕನೇ ಒಂದು ಪಾಲಿನಷ್ಟು ಬರುತ್ತದೆ. ಒಳ್ಳೆಯ ತಿಂಗಳಾದರೆ ಮೂರನೇ ಒಂದು ಪಾಲು. ಸಾಲ ತೀರಿತು. ಪುಸ್ತಕ ಓದಿ ಬಡಗಿ ಆಗ್ತಾರಾ ಅಂತ ಅಂದು ಕೇಳಿದವರಲ್ಲಿ ಇಬ್ಬರ ಮನೆಯಲ್ಲಿ ನಾನು ಮಾಡಿದ ಕಪಾಟಿದೆ. ಅವುಗಳ ಹಲಗೆ ಎಲ್ಲೂ ಸೀಳಿಲ್ಲ.

ಸದ್ಯ ಕೈಯಲ್ಲಿರುವುದು ಗಿಡ ಕಸಿ ಮಾಡುವ ಪುಸ್ತಕ. ತೊಗಟೆಯ ಕೆಳಗಿನ ಹಸಿ ಪದರ ಎರಡೂ ಕಡೆ ಕೂಡುವಂತೆ ಕಟ್ಟಬೇಕು ಅನ್ನುವ ಚುಕ್ಕೆಯಲ್ಲಿ ನಿಂತಿದ್ದೇನೆ. ಕಟ್ಟಿದವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಣಗಿವೆ. ಪುಟ ತಿರುವಿಲ್ಲ.